ಮೆಟಲ್ ಡಿಟೆಕ್ಟರಿಗೆ ಸಿಕ್ಕ ರೋಮನ್ ಕಂಚಿನ ವಿಗ್ರಹಗಳು: ಸಿಕ್ಕವರ ಪಾಲೋ, ಮ್ಯೂಸಿಯಮ್ಮಿನ ಪಾಲೋ?

ಯಾರ್ಕ್‌ಶೈರ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇತಿಹಾಸದ ಹುಚ್ಚು ಹತ್ತಿದವರು ಬಹಳ ಜನ ಇದ್ದೀರಿ ಅಂತ ಈ ಪ್ರಶ್ನೆ ಇಡ್ತಿದ್ದೀನಿ.

ಯಾರ್ಕ್‌ಶೈರ್ ಮ್ಯೂಸಿಯಮ್ಮಿನಲ್ಲಿ ರೈಡೇಲ್ ಕಂಚುಗಳನ್ನು ನೋಡಿ ಬಂದೆ. 2020ರ ಮೇ ತಿಂಗಳಲ್ಲಿ ಆಂಪಲ್‌ಫರ್ತ್ ಹತ್ತಿರದ ಹೊಲದಲ್ಲಿ ಇಬ್ಬರು ಹವ್ಯಾಸಿಗಳಿಗೆ ಡಿಟೆಕ್ಟರಿನಿಂದ ಸಿಕ್ಕಿದ್ದು. ಇರೋದು ನಾಲ್ಕೇ ವಸ್ತು. ಸುಮಾರು 13 ಸೆಂ.ಮೀ. ಎತ್ತರದ ಒಂದು ತಲೆ-ಎದೆಯ ಮೂರ್ತಿ, ಮಾರ್ಕಸ್ ಆರೇಲಿಯಸ್ ಚಕ್ರವರ್ತಿಯದು ಅಂತಾರೆ. ಕುದುರೆ ಮೇಲೆ ಕೂತ ಯುದ್ಧದೇವತೆ ಮಾರ್ಸ್. ಕುದುರೆ ತಲೆಯ ಆಕಾರದ ಚಾಕು ಹಿಡಿ. ಜೊತೆಗೊಂದು ದಪ್ಪ ತೂಕದ ಗುಂಡು, ನಮ್ಮ ಗಾರೆ ಕೆಲಸದವರು ಗೋಡೆ ನೇರ ನೋಡೋಕೆ ದಾರಕ್ಕೆ ಕಟ್ಟಿ ಇಳಿಬಿಡ್ತಾರಲ್ಲ, ಅದೇ. ಎರಡನೇ ಶತಮಾನದ ಕೊನೆಯ ಭಾಗದವು.

ಇವು ಇಂಗ್ಲೆಂಡಿನ ಕಾನೂನಿನ ಪ್ರಕಾರ 'ನಿಧಿ' ಆಗಿರಲಿಲ್ಲ! ಚಿನ್ನ-ಬೆಳ್ಳಿ ಇಲ್ಲ ಅನ್ನೋದಕ್ಕೆ. ಹಾಗಾಗಿ 2021ರಲ್ಲಿ ನೇರ ಹರಾಜಿಗೆ ಹೋಗಿ 1,85,000 ಪೌಂಡಿಗೆ ಮಾರಾಟವಾದವು, ಕೊಂಡವನು ಒಬ್ಬ ವ್ಯಾಪಾರಿ. ಆಮೇಲೆ ಅಮೆರಿಕದ ದಾನಿಯೊಬ್ಬರು ದೊಡ್ಡ ಮನಸ್ಸು ಮಾಡಿದ್ದಕ್ಕೆ, ಆರ್ಟ್ ಫಂಡ್ ಸಂಸ್ಥೆ ಕೈಜೋಡಿಸಿದ್ದಕ್ಕೆ ಮ್ಯೂಸಿಯಮ್ಮಿಗೆ ಬಂದವು. ಇಲ್ಲದಿದ್ದರೆ ಯಾರದೋ ಡ್ರಾಯಿಂಗ್ ರೂಮಿನಲ್ಲಿ ಇರುತ್ತಿದ್ದವು.

ನನ್ನ ಪ್ರಶ್ನೆ: ಇಂಥ ವಸ್ತು ಸಿಕ್ಕಿದವನಿಗೆ ಸೇರಬೇಕಾ, ಸರ್ಕಾರಕ್ಕೆ ಸೇರಬೇಕಾ? ಈ ಡಿಟೆಕ್ಟರ್ ಹವ್ಯಾಸ ಇತಿಹಾಸಕ್ಕೆ ಒಳ್ಳೇದು ಮಾಡ್ತಿದೆಯಾ, ಹಾಳು ಮಾಡ್ತಿದೆಯಾ?

ಶಾಸನಪ್ರಿಯ:
ಹಾಳು. ಇದರಲ್ಲಿ ಚರ್ಚೆಗೇನಿದೆ? ಮಣ್ಣಿನ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ, ಯಾವ ಕಡೆ ಮುಖ ಮಾಡಿತ್ತು ಅನ್ನೋದು ಗೊತ್ತಿಲ್ಲದಿದ್ದರೆ ವಿಗ್ರಹ ಬರೀ ಚಂದದ ಗೊಂಬೆ.

ತುಂಗಭದ್ರಾ ತೀರ:
ಅಲ್ರೀ, ಅವ್ರು ಹುಡುಕಲಿಲ್ಲಂದ್ರ ಅದು ನೆಲದಾಗ ಹಂಗ ಇರತಿತ್ತು, ಯಾರಿಗೂ ಕಾಣ್ತಿದ್ದಿಲ್ಲ. ಸಿಕ್ಕಾಂವ್ಗೂ ಏನರ ಸಿಗಬೇಕಲ್ಲ. ಮಳಿ-ಚಳಿಯಾಗ ಹೊಲ ತಿರಗಿದಾಂವ ಅಂವ.

ಶಾಸನಪ್ರಿಯ:
ನೆಲದಲ್ಲಿ ಇರಲಿ ಬಿಡಿ. ಎರಡು ಸಾವಿರ ವರ್ಷ ಇದ್ದದ್ದು ಇನ್ನೂ ನೂರು ವರ್ಷ ಇರುತ್ತೆ.

ಡರ್ಬಿ ಮಂಜು:
ಇರಲ್ಲ ಸಾರ್, ಅದೇ ತೊಂದರೆ. ನಾನು ಇಲ್ಲಿ ಡರ್ಬಿಶೈರಿನಲ್ಲಿ ಡಿಟೆಕ್ಟರ್ ಕ್ಲಬ್ಬಿನ ಸದಸ್ಯ, ಹಾಗಾಗಿ ಹೇಳ್ತೀನಿ. ನಾವು ಹೆಚ್ಚಾಗಿ ಹುಡುಕೋದು ಉತ್ತ ಹೊಲದ ಮೇಲ್ಮಣ್ಣಿನಲ್ಲಿ. ನಾಣ್ಯದ ಗಾತ್ರದ್ದಾದರೆ ನನ್ನ ಯಂತ್ರಕ್ಕೆ ಒಂದು ಗೇಣು, ಮಣ್ಣು ಹದವಾಗಿದ್ದರೆ ಇನ್ನೊಂಚೂರು ಆಳದವರೆಗೆ ಕೇಳಿಸುತ್ತೆ, ಅಷ್ಟೇ. ಆ ಮಣ್ಣನ್ನು ಪ್ರತಿ ವರ್ಷ ಟ್ರ್ಯಾಕ್ಟರ್ ನೇಗಿಲು ಮಗುಚಿ ಹಾಕ್ತಿರುತ್ತೆ. ಪದರ ಅನ್ನೋದು ಅಲ್ಲಿ ಎಂದೋ ಹೋಗಿದೆ. ನೇಗಿಲು ತಾಗಿ ಕೈ ಮುರಿದ, ಕುತ್ತಿಗೆ ಹಾರಿದ ವಿಗ್ರಹ ಎಷ್ಟು ಬೇಕು? ಮೇಲಿಂದ ರಸಗೊಬ್ಬರದ ಉಪ್ಪು ಸೇರಿ ಲೋಹ ಬೇಗ ತಿಂದುಹೋಗುತ್ತೆ.

ನಮ್ಮ ಕ್ಲಬ್ಬಿನವರೊಬ್ಬರಿಗೆ ಒಂದು ಮರ್ಕ್ಯುರಿ ಸಿಕ್ಕಿತ್ತು. ಕಿರುಬೆರಳಷ್ಟು ಉದ್ದ. ಮೊದಲು ಟ್ರ್ಯಾಕ್ಟರಿನ ಯಾವುದೋ ಬೋಲ್ಟು ಅಂದ್ಕೊಂಡ್ವಿ, ಜೇಡಿಮಣ್ಣು ಅಷ್ಟು ಮೆತ್ತಿತ್ತು. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಟೋಪಿಯ ಎರಡು ರೆಕ್ಕೆ ಕಂಡವು, ಆಮೇಲೆ ಬಲಗೈಯಲ್ಲಿ ಹಣದ ಚೀಲ. ಎಡಗೈ ಮಣಿಕಟ್ಟಿನಿಂದ ಮುರಿದಿತ್ತು, ಮುರಿದ ಕಡೆ ಕಂಚು ಹೊಳೀತಿತ್ತು. ಅಂದ್ರೆ ಹೊಸ ಗಾಯ, ನೇಗಿಲಿನದು. ಉಳಿದದ್ದೆಲ್ಲ ಕಡುಹಸಿರು. ಕೈ ಎಷ್ಟು ಹುಡುಕಿದರೂ ಸಿಗಲಿಲ್ಲ.

ಬೆಳಗಾವಿ ಅಕ್ಕ:
ಮರ್ಕ್ಯುರಿ ಅಂದ್ರ ರೋಮನ್ನರ ವ್ಯಾಪಾರದ ದೇವರಲ್ಲ? ಇಷ್ಟು ಸಣ್ಣದು ಯಾಕ ಮಾಡಸ್ತಿದ್ರು?

ಯಾರ್ಕ್‌ಶೈರ್ ಕನ್ನಡಿಗ:
ಹೌದು ಅಕ್ಕ, ವ್ಯಾಪಾರಕ್ಕೆ, ಪ್ರಯಾಣಕ್ಕೆ ಅವನೇ. ಬ್ರಿಟನ್ನಿನಲ್ಲಿ ಸಿಗೋ ರೋಮನ್ ಕಂಚಿನ ವಿಗ್ರಹಗಳಲ್ಲಿ ಅವನದೇ ದೊಡ್ಡ ಪಾಲು. ಮನೆಯೊಳಗೆ ಪುಟ್ಟ ಗೂಡು ಮಾಡಿ ಅದರಲ್ಲಿ ಇಂಥವನ್ನಿಟ್ಟು ಪೂಜಿಸ್ತಿದ್ರು, ನಮ್ಮ ದೇವರ ಮನೆಯ ಪಂಚಲೋಹದ ಮೂರ್ತಿಗಳ ಹಾಗೇ. ಗುಡಿಗೆ ಹರಕೆ ಒಪ್ಪಿಸೋಕೂ ಕೊಂಡೊಯ್ತಿದ್ರು. ಗ್ಲೌಸ್ಟರ್‌ಶೈರಿನ ಯೂಲಿಯಲ್ಲಿ ಮರ್ಕ್ಯುರಿಯದೇ ಒಂದು ಗುಡಿ ಇತ್ತು, ಉತ್ಖನನ ಆಗಿದೆ.

ಅದೇ ಜಿಲ್ಲೆಯಲ್ಲಿ 2017ರಲ್ಲಿ ಡಿಟೆಕ್ಟರಿನವರಿಗೆ ಸಿಕ್ಕ ನಾಯಿ ನೋಡಿದ್ದೀರಾ? ನಿಂತ ನಾಯಿ, ನಾಲಿಗೆ ಹೊರಗೆ ಚಾಚಿ ನೆಕ್ಕೋ ಭಂಗಿ. ನಾಯಿ ನೆಕ್ಕಿದರೆ ಗಾಯ ಮಾಯುತ್ತೆ ಅನ್ನೋ ನಂಬಿಕೆ ಇತ್ತು. ಲಿಡ್ನಿಯಲ್ಲಿ ನೋಡೆನ್ಸ್ ಅನ್ನೋ ದೇವರ ಗುಡಿ ಇತ್ತು, ರೋಗಿಗಳು ಹೋಗ್ತಿದ್ದ ಜಾಗ, ಅಲ್ಲೂ ಕಂಚಿನ ನಾಯಿಗಳು ಸಿಕ್ಕಿವೆ. ಈ ನಾಯಿಗೂ ಅಂಥ ಗುಡಿಗೂ ನಂಟು ಇರಬಹುದು ಅಂತಾರೆ.

ಮೈಸೂರು ಮಲ್ಲಿಗೆ:
ನೆಕ್ಕೋ ನಾಯಿ! ಅದರ ಫೋಟೋ ನೋಡಿ ಬಂದೆ ಈಗ. ಮುಖದಲ್ಲಿ ಎಷ್ಟು ಜೀವ ಇದೆ.

ಎರಕದ ಮನೆ:
ಕಂಚು ಅಂದ್ರೆ ತಾಮ್ರ-ಸತುವಿನ ಮಿಶ್ರಣ ತಾನೇ? ಸತು ಇರೋದ್ರಿಂದಲೇ ಅಷ್ಟು ನಯವಾಗಿ ಎರಕ ಬರುತ್ತಾ?

ಲೋಹದ ಮೇಷ್ಟ್ರು:
ತಾಮ್ರ-ಸತು ಹಿತ್ತಾಳೆ. ಕಂಚಿಗೆ ಬೇಕಾದ್ದು ತವರ. ರೋಮನ್ನರು ಸಣ್ಣ ವಿಗ್ರಹಗಳಿಗೆ ಸೀಸವನ್ನೂ ಧಾರಾಳವಾಗಿ ಸೇರಿಸ್ತಿದ್ರು, ಕರಗಿದ ಲೋಹ ತೆಳ್ಳಗಾಗಿ ಅಚ್ಚಿನ ಮೂಲೆ ಮೂಲೆಗೂ ಇಳೀಲಿ ಅಂತ. ಕೆಲವು ಸಲ ಸತುವೂ ಇರುತ್ತೆ. ಅದಕ್ಕೇ ಪರೀಕ್ಷೆ ಮಾಡದೆ ಕಂಚು ಅಂತ ಬರೆಯಲ್ಲ, ದಾಖಲೆಗಳಲ್ಲಿ ತಾಮ್ರದ ಮಿಶ್ರಲೋಹ ಅಂತಷ್ಟೇ ಇರುತ್ತೆ.

ಎರಕದ ವಿಧಾನ ಮಾತ್ರ ನಮ್ಮದೇ: ಮೇಣದಲ್ಲಿ ಮೂರ್ತಿ, ಮೇಲೆ ಮಣ್ಣಿನ ಕವಚ, ಸುಟ್ಟರೆ ಮೇಣ ಇಳಿದುಹೋಗುತ್ತೆ, ಆ ಪೊಳ್ಳಿಗೆ ಲೋಹ. ನಾಗಮಂಗಲದ ಕುಶಲಕರ್ಮಿಗಳೂ ಹೀಗೇ ಮಾಡ್ತಿದ್ದರು, ತಮಿಳುನಾಡಿನ ಸ್ವಾಮಿಮಲೈಯಲ್ಲಿ ಈಗಲೂ ಮಾಡ್ತಾರೆ.

ಕಾನೂನು ಕಟ್ಟೆ:
ಮೂಲ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನ 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಒಂದು ವಸ್ತು ನಿಧಿ ಆಗಬೇಕಾದರೆ 300 ವರ್ಷಕ್ಕಿಂತ ಹಳೇದಿರಬೇಕು, ಕನಿಷ್ಠ ಶೇ. 10 ಚಿನ್ನ ಅಥವಾ ಬೆಳ್ಳಿ ಇರಬೇಕು. ನಾಣ್ಯಗಳಿಗೆ ಬೇರೆ ಲೆಕ್ಕ. ಇತಿಹಾಸಪೂರ್ವ ಕಾಲದ ಕಂಚಿನ ಗುಂಪುಗಳನ್ನು ಆಮೇಲೆ ಸೇರಿಸಿದರು. ರೋಮನ್ ಕಂಚು ಮಾತ್ರ ಆಚೆಗೇ ಉಳೀತು.

ಇದರಿಂದ ದೊಡ್ಡ ಪೆಟ್ಟು ಬಿದ್ದದ್ದು 2010ರಲ್ಲಿ. ಕಂಬ್ರಿಯಾದ ಕ್ರಾಸ್ಬಿ ಗ್ಯಾರೆಟ್ ಹತ್ತಿರ ಒಂದು ರೋಮನ್ ಶಿರಸ್ತ್ರಾಣ ಸಿಕ್ಕಿತು. ಮನುಷ್ಯನ ಮುಖದ್ದೇ ಕವಚ, ಮೇಲೆ ರೆಕ್ಕೆಯ ಗ್ರಿಫಿನ್, ಅಂದ್ರೆ ಹದ್ದಿನ ತಲೆ, ಸಿಂಹದ ಮೈ ಇರೋ ಪುರಾಣದ ಪ್ರಾಣಿ. ಚೂರುಚೂರಾಗಿ ಸಿಕ್ಕಿದ್ದನ್ನು ಮಾರಾಟಕ್ಕೆ ಅಂತ ಜೋಡಿಸಿಬಿಟ್ಟರು, ವಿದ್ವಾಂಸರು ಚೂರುಗಳನ್ನು ಸರಿಯಾಗಿ ಅಧ್ಯಯನ ಮಾಡೋಕೂ ಮೊದಲೇ. ಕಾರ್ಲೈಲಿನ ಟಲಿ ಹೌಸ್ ಮ್ಯೂಸಿಯಂ ಜನರಿಂದ ಚಂದಾ ಎತ್ತಿ 17 ಲಕ್ಷ ಪೌಂಡ್ ವರೆಗೆ ಹೋಯಿತು. ಹರಾಜು ನಿಂತದ್ದು ಸುಮಾರು 23 ಲಕ್ಷಕ್ಕೆ. ಖಾಸಗಿ ವ್ಯಕ್ತಿ ಕೊಂಡುಕೊಂಡ.

ಶಾಸನಪ್ರಿಯ:
ಚಂದಾ ಎತ್ತಿದ ಮಕ್ಕಳು-ಮುದುಕರಿಗೆ ಏನು ಹೇಳ್ತೀರಿ? ಅವರದೇ ಊರಿನ ನೆಲದಿಂದ ಬಂದದ್ದು.

ಕಾನೂನು ಕಟ್ಟೆ:
ಅದಕ್ಕೇ ಕಾನೂನು ಬದಲಾಯಿತು, ಸ್ವಲ್ಪ ತಡವಾಗಿ. 2023ರ ಜುಲೈ 30ರಿಂದ ಹೊಸ ನಿಯಮ: 200 ವರ್ಷ ದಾಟಿದ, ಲೋಹ ಇರುವ ವಸ್ತುವಿಗೆ ಅಸಾಧಾರಣ ಐತಿಹಾಸಿಕ ಮಹತ್ವ ಇದ್ದರೆ ಅದೂ ನಿಧಿಯೇ. ಯಾವ ಲೋಹ ಅನ್ನೋದು ಲೆಕ್ಕಕ್ಕಿಲ್ಲ. ಈಗ ಸಿಕ್ಕಿದ್ದರೆ ರೈಡೇಲ್ ಕಂಚು, ಆ ಶಿರಸ್ತ್ರಾಣ ಎರಡಕ್ಕೂ ಈ ನಿಯಮ ಅನ್ವಯಿಸುತ್ತಿತ್ತು ಅಂತ ನನ್ನ ಅಭಿಪ್ರಾಯ.

ಮಲ್ನಾಡ್ ಹುಡುಗ:
ಅಂದ್ರೆ ಸಿಕ್ಕಿದವನಿಗೆ ಚಿಪ್ಪು?

ಡರ್ಬಿ ಮಂಜು:
ಇಲ್ಲ. ನಿಧಿ ಅನ್ನಿಸುವಂಥದ್ದು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಕೊರೋನರ್ ಅನ್ನೋ ವಿಚಾರಣಾಧಿಕಾರಿ ಅದು ನಿಧಿಯೇ ಅಂತ ವಿಚಾರಣೆ ಮಾಡ್ತಾರೆ. ಮ್ಯೂಸಿಯಂ ಬೇಕು ಅಂದರೆ ಸ್ವತಂತ್ರ ಸಮಿತಿಯೊಂದು ಮಾರುಕಟ್ಟೆ ಬೆಲೆ ಕಟ್ಟುತ್ತೆ. ಆ ಪೂರ್ತಿ ಬೆಲೆಯನ್ನು ಮ್ಯೂಸಿಯಂ ಕೊಡುತ್ತೆ, ಸಾಮಾನ್ಯವಾಗಿ ಸಿಕ್ಕವನಿಗೆ ಅರ್ಧ, ಹೊಲದ ಯಜಮಾನನಿಗೆ ಅರ್ಧ. ಮ್ಯೂಸಿಯಮ್ಮಿಗೆ ಬೇಡವಾದರೆ ವಾಪಸ್.

ಸ್ಕಾಟ್ಲೆಂಡಿನಲ್ಲಿ ಇನ್ನೂ ಸರಳ. ಯಾವ ಲೋಹವಾದರೂ ಸರಿ, ವಾರಸುದಾರರಿಲ್ಲದ ಹಳೇ ವಸ್ತು ಮೊದಲು ಅರಸೊತ್ತಿಗೆಗೆ, ಅವರು ಇಟ್ಟುಕೊಂಡರೆ ಇನಾಮು.

ತುಂಗಭದ್ರಾ ತೀರ:
ಹಂಗಾರ ಅಲ್ಲಿ ಯಾರು ಬೇಕಾದ್ರೂ ಎಲ್ಲಿ ಬೇಕಾದ್ರೂ ಅಗೀಬಹುದೇನ್ರಿ? ಹಂಪ್ಯಾಗ ಹಿಂಗ ಬಿಟ್ರ ಗತಿ ಏನು!

ಡರ್ಬಿ ಮಂಜು:
ಖಂಡಿತ ಇಲ್ಲ. ಹೊಲದವನ ಒಪ್ಪಿಗೆ ಇಲ್ಲದೆ ಕಾಲಿಡೋ ಹಾಗಿಲ್ಲ. ಸಂರಕ್ಷಿತ ಸ್ಮಾರಕದ ಮೇಲೆ ಲಿಖಿತ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸಿದರೇನೇ ಅಪರಾಧ, ಅಗೆಯೋ ಮಾತು ದೂರ. ರಾತ್ರಿ ಕದ್ದು ಬರೋರನ್ನ ಇಲ್ಲಿ 'ನೈಟ್‌ಹಾಕ್' ಅಂತಾರೆ. ಅವರಿಂದ ನಮಗೆಲ್ಲ ಕೆಟ್ಟ ಹೆಸರು.

2015ರಲ್ಲಿ ಲೆಮ್‌ಸ್ಟರ್ ಹತ್ತಿರ ಇಬ್ಬರಿಗೆ ವೈಕಿಂಗ್ ಕಾಲದ ನಿಧಿ ಸಿಕ್ಕಿತು, ಹೇಳದೆ ಮಾರಿಕೊಂಡರು. ಹೆಚ್ಚಿನ ನಾಣ್ಯಗಳು ಇವತ್ತಿಗೂ ನಾಪತ್ತೆ. 2019ರಲ್ಲಿ ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ ಎಂಟೂವರೆ ವರ್ಷ ಜೈಲು ಶಿಕ್ಷೆ ಆಯಿತು. ನ್ಯಾಯವಾಗಿ ತಿಳಿಸಿದ್ದರೆ ಇಬ್ಬರೂ ಶ್ರೀಮಂತರಾಗ್ತಿದ್ರು.

ಹೊಸಪೇಟೆ83:
ಹಂಪಿ ಅಂದಿದ್ದಕ್ಕೆ ಹೇಳ್ತೀನಿ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿ ಆಸೆಗೆ ಒಡೆದು ಹಾಕಿದ್ರು. ಅದರಡಿ ಏನು ಬಂಗಾರ ಇರ್ತದೆ? ಯತಿಗಳ ಸಮಾಧಿ ಅದು. ನಮ್ಮ ಕಡೆ ಎಷ್ಟು ನಂದಿ, ಎಷ್ಟು ಲಿಂಗ ಹೀಗೆ ಕಿತ್ತು ಬಿಸಾಕಿದ್ದಾರೆ ಅಂತ ಲೆಕ್ಕ ಇಟ್ಟೋರಿಲ್ಲ. ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಕುಂಕುಮ, ಹಾರೆ. ಈಗ ಕೈಗೆ ಡಿಟೆಕ್ಟರೂ ಬಂದಿದೆ. ಇಂಗ್ಲೆಂಡಿನ ಪದ್ಧತಿ ನಮ್ಮಲ್ಲಿ ಬೇಡ್ವೇ ಬೇಡ.

ಮಲ್ನಾಡ್ ಹುಡುಗ:
ಆದ್ರೆ ನಮ್ಮ ಪದ್ಧತಿಯಿಂದ ಕಳ್ಳತನ ನಿಂತಿದೆಯಾ? ನಿಂತಿಲ್ಲವಲ್ಲ.

ಹೊಸಪೇಟೆ83:
ಕಳ್ಳತನ ನಿಲ್ಲಿಸೋಕೆ ಕಾವಲು ಬೇಕು, ಕಳ್ಳನಿಗೆ ಲೈಸೆನ್ಸ್ ಅಲ್ಲ.

ಕಾನೂನು ಕಟ್ಟೆ:
ಇಬ್ಬರೂ ಒಂದು ಅಂಶ ಬಿಡ್ತಿದ್ದೀರಿ. ನಮ್ಮಲ್ಲೂ ಕಾಯ್ದೆ ಇದೆ. 1878ರ ಭಾರತೀಯ ನಿಧಿ ಕಾಯ್ದೆ, ಬ್ರಿಟಿಷರ ಕಾಲದ್ದು. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕಕ್ಕೆ 1962ರದ್ದೇ ಪ್ರತ್ಯೇಕ ಕಾಯ್ದೆ ಇದೆ. ಇದರ ಮೇಲೆ 1972ರ ಪುರಾವಸ್ತು ಕಾಯ್ದೆ: ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ದೇಶದಾಚೆ ಕಳಿಸೋ ಹಾಗಿಲ್ಲ.

1878ರ ಕಾಯ್ದೆಯಲ್ಲಿ ಗಮನಿಸಬೇಕಾದ ಸಾಲು ಯಾವುದು ಗೊತ್ತಾ? ಸರ್ಕಾರ ಆ ನಿಧಿಯನ್ನು ತಾನೇ ತೆಗೆದುಕೊಂಡರೆ ಕೊಡಬೇಕಾದ್ದು ಅದರ ಮೂಲ ಪದಾರ್ಥದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಪದಾರ್ಥದ ಬೆಲೆ! ಅಂದರೆ ಚೋಳರ ಕಾಲದ ಮೂರ್ತಿ ಸಿಕ್ಕರೂ ಕಂಚಿನ ತೂಕಕ್ಕೆ ದುಡ್ಡು. ಪಾತ್ರೆ ಅಂಗಡಿಯ ದರ. ಕಳ್ಳ ದಲ್ಲಾಳಿ ಅದಕ್ಕಿಂತ ಹೆಚ್ಚು ಕೊಡ್ತೀನಿ ಅಂತ ಬಾಗಿಲಿಗೇ ಬರ್ತಾನೆ. ಪ್ರಾಮಾಣಿಕನಾಗಿರು ಅಂತ ಹೇಳಿ ಪ್ರಾಮಾಣಿಕತೆಗೆ ನಷ್ಟ ಕಟ್ಟಿದರೆ ಬಡವ ಏನು ಮಾಡಬೇಕು?

ತುಂಗಭದ್ರಾ ತೀರ:
ಇದು ಖರೇ ಮಾತು ನೋಡ್ರಿ. ಸಿಕ್ಕಾಂವ ಹೇಳೂದಿಲ್ಲ, ಹೆದರಿ ಮತ್ತ ಮುಚ್ಚತಾನ, ಇಲ್ಲಾ ಕರಗಸ್ತಾನ.

ಶಾಸನಪ್ರಿಯ:
ಹಣದ ಆಸೆ ತೋರಿಸಿದರೆ ಎಲ್ಲರೂ ಹುಡುಕೋಕೇ ಹೋಗ್ತಾರೆ. ಇನಾಮು ಅನ್ನೋದು ಅಗೆತಕ್ಕೆ ಆಹ್ವಾನ. ಡೆನ್ಮಾರ್ಕಿನ ಹಾಗೆ ಸಿಕ್ಕಿದ್ದು ಕಡ್ಡಾಯವಾಗಿ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಅಂತ ಮಾಡಬೇಕು.

ಯಾರ್ಕ್‌ಶೈರ್ ಕನ್ನಡಿಗ:
ಡೆನ್ಮಾರ್ಕಿನಲ್ಲೂ ಇನಾಮು ಇದೆ ಸಾರ್, ಡಿಟೆಕ್ಟರಿಗೂ ಅವಕಾಶ ಇದೆ. 2012ರ ಕೊನೆಗೆ ಹೋರ್‌ಬಿಯಲ್ಲಿ ಕತ್ತಿ-ಗುರಾಣಿ ಹಿಡಿದ ಹೆಣ್ಣಿನ ಪುಟ್ಟ ವಿಗ್ರಹ ಸಿಕ್ತಲ್ಲ, ವಾಲ್ಕಿರಿ ಅಂತಾರೆ (ವೈಕಿಂಗರ ಪುರಾಣದ ಯುದ್ಧಕನ್ಯೆ), ಮೂರೂವರೆ ಸೆಂ.ಮೀ. ಕೂಡ ಇಲ್ಲ, ಅದು ಬೆಳ್ಳಿಯದು. ಸಿಕ್ಕಿದ್ದು ಹವ್ಯಾಸಿಗೇ.

ಶಾಸನಪ್ರಿಯ:
ಇರಬಹುದು. ಜರ್ಮನಿಯ ನೆಬ್ರಾ ಬಿಲ್ಲೆಯ ಕಥೆಯನ್ನೂ ಹೇಳಿ ಹಾಗಾದರೆ. ಕಂಚಿನ ಬಿಲ್ಲೆ, ಮೇಲೆ ಚಿನ್ನದ ಸೂರ್ಯ-ಚಂದ್ರ-ನಕ್ಷತ್ರ. 1999ರಲ್ಲಿ ಡಿಟೆಕ್ಟರ್ ಹಿಡಿದ ಇಬ್ಬರು ಕಳ್ಳರು ಕಿತ್ತು ತೆಗೆದರು, ಅಂಚಿಗೆ ಪೆಟ್ಟು ಬಿತ್ತು, ಕೈಯಿಂದ ಕೈಗೆ ಮಾರಾಟ. 2002ರಲ್ಲಿ ಬಾಸೆಲ್‌ನಲ್ಲಿ ಪೊಲೀಸರು ಬಲೆ ಹಾಕಿ ಹಿಡೀಬೇಕಾಯಿತು. ಅದು ಸಿಕ್ಕ ಜಾಗ, ಕಾಲ ಎಲ್ಲದರ ಮೇಲೂ ವಿದ್ವಾಂಸರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಅಗೆದವರು ಕಳ್ಳರಾಗಿರದಿದ್ದರೆ ಆ ಜಗಳವೇ ಇರುತ್ತಿರಲಿಲ್ಲ.

ನೆಲದ ನೆನಪು:
ಕಳ್ಳರೇ ಆಗಬೇಕಿಲ್ಲ. ಮಹಾರಾಷ್ಟ್ರದ ದೈಮಾಬಾದ್ ನೋಡಿ. 1974ರಲ್ಲಿ ಒಬ್ಬ ರೈತ ಮರದ ಬೇರು ಅಗೆಯುವಾಗ ನಾಲ್ಕು ಕಂಚಿನ ವಸ್ತು ಸಿಕ್ಕವು. ಆನೆ, ಘೇಂಡಾಮೃಗ, ಕೋಣ, ಮತ್ತೆ ಜೋಡೆತ್ತಿನ ಗಾಡಿ. ಗಾಡಿ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ, ನೊಗದ ಕಡೆಗೆ ಒಂದು ನಾಯಿ. ಎಲ್ಲ ಸೇರಿ 60 ಕಿಲೋಗಿಂತ ಹೆಚ್ಚು. ಆಮೇಲೆ ಪುರಾತತ್ವ ಇಲಾಖೆ ಅಲ್ಲೇ ವರ್ಷಗಟ್ಟಲೆ ಉತ್ಖನನ ಮಾಡಿತು. ಹರಪ್ಪ ನಾಗರಿಕತೆಯ ಕೊನೆಗಾಲದ್ದು ಅಂತ ಒಂದು ಪಕ್ಷ. ಲೋಹದಲ್ಲಿ ಆರ್ಸೆನಿಕ್ ಶೇ. 1ಕ್ಕಿಂತ ಹೆಚ್ಚಿದೆ, ಅಷ್ಟು ಹಳೇದಲ್ಲ ಅಂತ ಇನ್ನೊಂದು ಪಕ್ಷ. ಆ ರೈತನ ತಪ್ಪು ಎಳ್ಳಷ್ಟೂ ಇಲ್ಲ. ಆದರೂ ವಸ್ತು ಮಣ್ಣಿನಿಂದ ಮೇಲೆ ಬಂದ ಕ್ಷಣದಲ್ಲೇ ಅರ್ಧ ಉತ್ತರ ಹೋಯ್ತು.

ರೈಡೇಲ್ ವಿಷಯಕ್ಕೂ ಇದೇ. ನಾಲ್ಕನ್ನೂ ಒಟ್ಟಿಗೇ ಹೂತಿದ್ದರಿಂದ ತಾನೇ ಆ ತೂಕದ ಗುಂಡಿಗೆ ಅರ್ಥ ಬಂದದ್ದು? ರಸ್ತೆಯೋ ಕಟ್ಟಡವೋ ಆರಂಭವಾದಾಗ ದೇವರಿಗೆ ಒಪ್ಪಿಸಿ ಹೂತಿರಬಹುದು ಅನ್ನೋ ಊಹೆ ಹುಟ್ಟಿದ್ದು ಅದರಿಂದ. ಬೇರೆ ಬೇರೆಯಾಗಿ ಮಾರಿದ್ದರೆ ಆ ಗುಂಡನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ.

ಡರ್ಬಿ ಮಂಜು:
ಒಪ್ಪಿದೆ. ಅದಕ್ಕೇ ನಾವು ಜಿಪಿಎಸ್ ಅಂಕಿ ಬರೆದು ಚೀಲಕ್ಕೆ ಹಾಕ್ತೀವಿ. ನೇಗಿಲಿನ ಪದರಕ್ಕಿಂತ ಕೆಳಗೆ ಗಟ್ಟಿ ಸದ್ದು ಬಂದರೆ, ಒಂದರ ಪಕ್ಕ ಇನ್ನೊಂದು ಕಂಡರೆ, ಕೈ ತೆಗೆದು ಜಿಲ್ಲೆಯ ಅಧಿಕಾರಿಗೆ ಫೋನ್ ಮಾಡ್ಬೇಕು. ಹೇಳಿದಷ್ಟು ಸುಲಭ ಅಲ್ಲ, ಆ ಹೊತ್ತಿಗೆ ಮೈಯೆಲ್ಲ ನಡುಗ್ತಿರುತ್ತೆ. ಆದ್ರೆ ಮಾಡೋರು ಇದ್ದಾರೆ. ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸೋ ಪೋರ್ಟೆಬಲ್ ಆಂಟಿಕ್ವಿಟೀಸ್ ಯೋಜನೆ 1997ರಿಂದ ಇದೆ, 15 ಲಕ್ಷಕ್ಕೂ ಹೆಚ್ಚು ವಸ್ತುಗಳ ಫೋಟೋ, ಅಳತೆ, ಜಾಗ ಎಲ್ಲ ದಾಖಲಾಗಿದೆ. ನಮ್ಮ ಕ್ಲಬ್ಬಿನ ಮರ್ಕ್ಯುರಿಯೂ ಅದರಲ್ಲಿದೆ. ಆಗಿನ ಕಾನೂನಿನಲ್ಲಿ ನಿಧಿ ಅಲ್ಲದ್ದರಿಂದ ವಾಪಸ್ ಕೊಟ್ಟರು, ದಾಖಲೆ ಮಾತ್ರ ಉಳೀತು.

ಬೆಳಗಾವಿ ಅಕ್ಕ:
ಒಂದು ಖಾಸಗಿ ವಿಷಯ ಕೇಳ್ತೀನಿ, ಊರ ಹೆಸರು ಹೇಳೂದಿಲ್ಲ. ನಮ್ಮ ಸಂಬಂಧಿಕರ ಹಿತ್ತಲದಾಗ ಪಾಯಾ ತಗಿಯುವಾಗ ಒಂದು ಸಣ್ಣ ಕಂಚಿನ ಮೂರ್ತಿ ಸಿಕ್ಕದ, ಕೂತ ಭಂಗಿ, ತಲಿ ಮ್ಯಾಲ ಹೆಡಿ. ಮಾವನವರು ಒಮ್ಮೆ ಕಚೇರಿಗೆ ಹೋಗಿ ಕೇಳಿದ್ರಂತ, ಅಲ್ಲಿದ್ದಾಂವ ಇನ್ನೂ ಏನೇನು ಮುಚ್ಚಿಟ್ಟೀರಿ ಅಂತ ಕಳ್ಳರ ಹಂಗ ಮಾತಾಡ್ಸಿದ. ಅವತ್ತಿನಿಂದ ಅದು ಟ್ರಂಕಿನಾಗ ಅದ. ಈಗ ಮೈ ಮ್ಯಾಲೆ ತಿಳಿಹಸಿರು ಪುಡಿ ಏಳಾಕತ್ತದ. ಹುಣಸೆಹಣ್ಣು ಹಚ್ಚಿ ತಿಕ್ಕಲೇನು ಅಂತ ಅತ್ತಿಯವರು ಕೇಳ್ತಾರ.

ಲೋಹದ ಮೇಷ್ಟ್ರು:
ದಯವಿಟ್ಟು ಬೇಡ! ಹುಣಸೆ, ನಿಂಬೆ, ಬೂದಿ, ಬ್ರಷ್ ಯಾವುದೂ ಬೇಡ. ಗಟ್ಟಿಯಾಗಿ ಅಂಟಿರೋ ಕಡುಹಸಿರು ಪದರ ವಿಗ್ರಹವನ್ನು ಕಾಪಾಡುತ್ತೆ, ಕಣ್ಣು-ಮೂಗಿನ ಸೂಕ್ಷ್ಮ ಗೆರೆಗಳು ಉಳಿದಿರೋದೇ ಆ ಪದರದಲ್ಲಿ. ಪುಡಿಪುಡಿಯಾಗಿ ಉದುರೋ ತಿಳಿಹಸಿರು ಬೇರೆ, ಅದು ಲೋಹದ ರೋಗ. ಒಳಗೆ ಸೇರಿಕೊಂಡ ಕ್ಲೋರೈಡು ಗಾಳಿಯ ತೇವ ಸಿಕ್ಕಾಗಲೆಲ್ಲ ಲೋಹ ತಿನ್ನುತ್ತೆ. ತೊಳೆದರೆ ಹೆಚ್ಚಾಗುತ್ತೆ. ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಲ್ಲಿ ಬರುತ್ತಲ್ಲ ಸಿಲಿಕಾ ಜೆಲ್, ಅದನ್ನು ಸಾಕಷ್ಟು ಹಾಕಿ ಒಣಗಿದಂತೆ ಇಡಿ. ಉಳಿದದ್ದು ಸಂರಕ್ಷಣೆ ಕಲಿತವರ ಕೆಲಸ.

ನೆಲದ ನೆನಪು:
ಅಂಟಿರೋ ಮಣ್ಣನ್ನೂ ತೆಗೀಬೇಡಿ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ಕೂಲಿಯೊಬ್ಬರಿಗೆ ನೆಲದಲ್ಲಿ ಸಿಕ್ಕ ನಟರಾಜ ಕಳ್ಳಸಾಗಣೆಯಾಗಿ ಲಂಡನ್ನಿಗೆ ಹೋಗಿತ್ತು. ಅಲ್ಲಿನ ಕೋರ್ಟಿನಲ್ಲಿ ಅದು ಅದೇ ಮೂರ್ತಿ ಅಂತ ಸಾಬೀತು ಮಾಡುವಾಗ ನಾಗಸ್ವಾಮಿಯವರಂಥ ವಿದ್ವಾಂಸರ ಸಾಕ್ಷ್ಯದ ಜೊತೆ ಅದರ ಮೇಲಿನ ಮಣ್ಣು, ಗೆದ್ದಲಿನ ಗುರುತು ಎಲ್ಲ ಪರೀಕ್ಷೆಗೆ ಬಂದವು. 1991ರಲ್ಲಿ ನಟರಾಜ ಭಾರತಕ್ಕೆ ವಾಪಸ್ ಬಂದ. ಚೆನ್ನಾಗಿ ತಿಕ್ಕಿ ತೊಳೆದಿದ್ದರೆ ಆ ಸಾಕ್ಷಿ ಎಲ್ಲಿರ್ತಿತ್ತು?

ಹೆಡೆ ಇದ್ದು ಕೂತ ಭಂಗಿ ಅಂದರೆ ಜೈನ ಮೂರ್ತಿ ಇರಬಹುದು, ಪಾರ್ಶ್ವನಾಥ. ನಮ್ಮ ಬಯಲುಸೀಮೆಗೆ ಅದು ಬಹಳ ಮುಖ್ಯ. ಸಿಕ್ಕ ಜಾಗ ಇನ್ನೂ ತೆರೆದಿದೆಯಾ, ಕಾಂಕ್ರೀಟು ಬಿತ್ತಾ?

ಬೆಳಗಾವಿ ಅಕ್ಕ:
ಕಾಂಕ್ರೀಟು ಬಿದ್ದದ. ಆದ್ರ ಎಲ್ಲಿ ಸಿಕ್ತು ಅಂತ ಮಾವನವರಿಗೆ ಬಾಳ ಚಲೋ ನೆನಪದ, ಬಾವಿಯಿಂದ ಎಷ್ಟು ಹೆಜ್ಜಿ, ಎಷ್ಟು ಆಳ ಎಲ್ಲ ಹೇಳ್ತಾರ. ಅವರಿಗೆ ಈಗ ವಯಸ್ಸಾತು.

ನೆಲದ ನೆನಪು:
ಹಾಗಾದರೆ ಇವತ್ತೇ ಬರೆಸಿಕೊಳ್ಳಿ ಅಕ್ಕ. ನಕ್ಷೆ ಹಾಕಿಸಿ, ಮಣ್ಣಿನ ಬಣ್ಣ, ಜೊತೆಗೆ ಇಟ್ಟಿಗೆ-ಮಡಕೆ ಚೂರು-ಇದ್ದಿಲು ಏನಾದರೂ ಇತ್ತಾ ಅಂತ ಕೇಳಿ, ಅವರ ಮಾತನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿ.

ಶಾಸನಪ್ರಿಯ:
ಇದಕ್ಕೆ ನನ್ನದೂ ಬೆಂಬಲ. ಡಿಟೆಕ್ಟರ್ ವಿಷಯದಲ್ಲಿ ನನ್ನ ವಿರೋಧ ಹಾಗೇ ಇದೆ. ಆದರೆ ಪಾಯ ತೆಗೆಯುವಾಗ ಸಿಕ್ಕದ್ದನ್ನು ತಂದುಕೊಟ್ಟವರನ್ನು ಕಳ್ಳರಂತೆ ನೋಡುವುದು ದೊಡ್ಡ ಅನ್ಯಾಯ. ಪ್ರತಿ ಜಿಲ್ಲೆಯಲ್ಲೂ ಫೋನ್ ಎತ್ತುವ ಒಬ್ಬ ಅಧಿಕಾರಿ ಬೇಕು.

ಹೊಸಪೇಟೆ83:
ಅದು ಸರಿ. ಯಂತ್ರ ಬೇಡ, ಅಧಿಕಾರಿ ಬೇಕು.

ಡರ್ಬಿ ಮಂಜು:
ಯಂತ್ರ ಹೇಗೂ ಆನ್‌ಲೈನಿನಲ್ಲಿ ಸಿಗ್ತಿದೆ ಸಾರ್, ಬೇಡ ಅಂದರೂ ಬರುತ್ತೆ. ಹಿಡಿದವನಿಗೆ ದಾರಿ ತೋರಿಸೋರು ಬೇಕಲ್ವಾ.

ಹೊಸಪೇಟೆ83:
ಈ ವಿಷಯದಲ್ಲಿ ನಾವಿಬ್ಬರೂ ಒಪ್ಪೋದಿಲ್ಲ ಬಿಡಿ.

ಕಾನೂನು ಕಟ್ಟೆ:
ಅಕ್ಕ, ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಜಿಲ್ಲಾಧಿಕಾರಿಗಳಿಗೆ ಲಿಖಿತ ಅರ್ಜಿ, ಪ್ರತಿಯೊಂದು ಪುರಾತತ್ವ ಇಲಾಖೆಗೆ. ಸಿಕ್ಕ ದಿನ, ಜಾಗ, ಹಿಂದೆ ಒಮ್ಮೆ ತಿಳಿಸಲು ಹೋಗಿದ್ದು, ಎಲ್ಲ ಅದರಲ್ಲಿ ಇರಲಿ. ಮೂರ್ತಿಯನ್ನು ನಾಲ್ಕೂ ಕಡೆಯಿಂದ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ಲಗತ್ತಿಸಿ. ಸ್ವೀಕೃತಿ ಮೊಹರು ಬೀಳುವವರೆಗೆ ಕೌಂಟರ್ ಬಿಟ್ಟು ಬರಬೇಡಿ. ಅರ್ಜಿಯ ಕರಡು ನಾನು ಬರೆದುಕೊಡ್ತೀನಿ, ಖಾಸಗಿ ಸಂದೇಶದಲ್ಲಿ ಕಳಿಸಿ.

ಬೆಳಗಾವಿ ಅಕ್ಕ:
ಕಳಸ್ತೀನ್ರೀ. ಮಾವನವರು ಬಾವಿ ಕಡೆಯಿಂದ ಅಳತಿ ಹಿಡಿಯಾಕ ಟೇಪು ಹುಡುಕಾಕತ್ತಾರ.